ಸೂರ್ಯನ ಅಡುಗೆ, ಅತ್ತೆಯವರ ಪಾರಣೆ

ಜರ್ಮನಿಯವರು ಮನೆಯ ಮಾಡಿನ ಮೇಲೆ ಹಲಗೆ ಹಾಸಿ ಬಿಸಿಲಿನಿಂದ ಕರೆಂಟ್ ತೆಗೆಯುತ್ತಾರೆ, ಡೆನ್ಮಾರ್ಕಿನವರು ಬರೀ ಗಾಳಿಯಿಂದ ಊರಿಗೆ ಊರೇ ಬೆಳಗುತ್ತಾರೆ ಎಂದು ಪೇಪರಿನಲ್ಲಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಎಂಥ ಜನ! ಮೋಡದ ಹಿಂದೆ ಅಡಗುವ ಸೂರ್ಯನನ್ನೂ ಬಿಡದೆ ದುಡಿಸಿಕೊಳ್ಳುತ್ತಾರೆ. ನಮ್ಮ ಸೇಡಂನಲ್ಲಿ ಅಂಗಳಕ್ಕೆ ಹಾಸಿದ ಪರಸಿ ಕಲ್ಲಿನ ಮೇಲೆ ಬರಿಗಾಲಿಟ್ಟರೆ ಬೊಬ್ಬೆ ಏಳುತ್ತದೆ. ಅಂಥ ಬಿಸಿಲಿನಲ್ಲಿ ನಾವು ಹಪ್ಪಳ ಒಣಗಿಸುತ್ತೇವೆ! ಹೈಸ್ಕೂಲಿನಲ್ಲಿ ಹದಿನೆಂಟು ವರ್ಷ ವಿಜ್ಞಾನ ಕಲಿಸಿದ ನಾನು ಸುಮ್ಮನಿರುವುದುಂಟೆ? ಗುಲ್ಬರ್ಗಾಕ್ಕೆ ಹೋಗಿ ಸೋಲಾರ್ ಕುಕ್ಕರ್ ತಂದೆ.

ಕರಿ ಪೆಟ್ಟಿಗೆ, ಅದಕ್ಕೊಂದು ಕನ್ನಡಿ. ಅಷ್ಟೇ. ಮೊದಲ ದಿನ ಮಧ್ಯಾಹ್ನ ಮುಚ್ಚಳ ತೆಗೆದರೆ ಬೇಳೆ ಬೆಂದು ಹಣ್ಣಾಗಿತ್ತು. ಬೆಂಕಿಯಿಲ್ಲ, ಹೊಗೆಯಿಲ್ಲ! ಮಾಳಿಗೆಯ ಮೇಲೆ ನಿಂತು ಸೂರ್ಯನಿಗೆ ಕೈಮುಗಿದೆ, ಕಣ್ಣಲ್ಲಿ ನೀರೇ ಬಂತು. ಅದೇ ಹುರುಪಿನಲ್ಲಿ ಗ್ಯಾಸ್ ಸಿಲಿಂಡರನ್ನು ಒಲೆಯ ಸಮೇತ ಚಿಂಚೋಳಿಯ ತಮ್ಮನ ಮನೆಗೆ ಸಾಗಿಸಿಬಿಟ್ಟೆ.

ಆ ವಾರವೇ ಅತ್ತೆಯವರು ಬಂದರು. ಬಂದ ದಿನವೇ ಏಕಾದಶಿ. ಹನಿ ನೀರೂ ಮುಟ್ಟದ ಉಪವಾಸ.

“ನಾಳೆ ಪಾರಣೆಗೆ ಸೂರ್ಯದೇವರೇ ಅಡಿಗಿ ಮಾಡ್ತಾರ,” ಎಂದು ಘೋಷಿಸಿದೆ.

“ಏನ್ರೀ, ನಾಳೆ ದ್ವಾದಶಿ ಅದ...” ಎಂದಳು ಹೆಂಡತಿ.

“ದ್ವಾದಶಿಗೆ ಸೂರ್ಯ ರಜಾ ಹಾಕ್ತಾನೇನು? ಸುಮ್ಕಿರು!”

ಅವಳು ನಕ್ಕು ಒಳಗೆ ಹೋದಳು. ನಾನು ಅಷ್ಟಕ್ಕೇ ಹೆದರಬೇಕಿತ್ತು.

ಬೆಳಗಾಗುವಷ್ಟರಲ್ಲಿ ಅತ್ತೆಯವರು ಸ್ನಾನ ಮುಗಿಸಿ ಪಂಚಾಂಗ ಹಿಡಿದು ಕುಳಿತಿದ್ದರು. “ಅಳಿಯಂದಿರಽ, ಏಳೂಕಾಲಿಗೆ ದ್ವಾದಶಿ ಮುಗೀತದ. ಅದರೊಳಗ ಉಣ್ಣಬೇಕು. ಇಲ್ಲಾಂದ್ರ ವ್ರತ ಕೆಡ್ತದ ನೋಡ್ರಿ.”

ಆಗ ಆರೂಕಾಲು. ಎಳೆ ಬಿಸಿಲು ಹಾಲಿನ ಕೆನೆಯನ್ನೂ ಬಿಸಿ ಮಾಡುವಂತಿರಲಿಲ್ಲ. ಮಾಳಿಗೆ ಹತ್ತಿ ಕನ್ನಡಿಯನ್ನು ಅತ್ತ ತಿರುಗಿಸಿದೆ, ಇತ್ತ ತಿರುಗಿಸಿದೆ. ಪೆಟ್ಟಿಗೆಯೊಳಗೆ ಇಟ್ಟಿದ್ದ ಅಕ್ಕಿಯ ನೀರಲ್ಲಿ ಬೆರಳದ್ದಿದೆ. ತಣ್ಣಗೆ!

“ಏನ್ ಸರ್, ಮುಖ ನೋಡ್ಕೊಳ್ಳಾಕತ್ತೀರೇನು?” ಎಂದರು ಪಕ್ಕದ ಮಾಳಿಗೆಯ ಇಸ್ಮಾಯಿಲ್ ಸಾಹೇಬರು.

ಕೆಳಗೆ ಅತ್ತೆಯವರ ತುಟಿ ಒಣಗಿತ್ತು. ಎಪ್ಪತ್ತರ ಹಿರಿಯ ಜೀವ, ನನ್ನ ಜಂಬಕ್ಕೆ ಹಸಿದು ಕುಳಿತಿತ್ತು. ನಿಜಕ್ಕೂ ನಾಚಿಕೆಯಾಯಿತು.

ಅಷ್ಟರಲ್ಲಿ ಹೆಂಡತಿ ಹೊರಗೆ ಬಂದಳು. ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಕುಕ್ಕರ್ ತುಂಬಿಕೊಂಡು ಬಂದಿದ್ದ ಕಟ್ಟಿಗೆಯ ಖೋಕಾ ಒಡೆದು ಬೆಂಕಿ ಹಚ್ಚಿದಳು. ಕೊಳವೆ ಹಿಡಿದು ಊದಿದವನು ನಾನೇ. ಯುರೋಪು ಒಂದು ವರ್ಷ ಉಳಿಸಿದ ಹೊಗೆಯನ್ನೆಲ್ಲ ನಾನೊಬ್ಬನೇ ಅರ್ಧ ತಾಸಿನಲ್ಲಿ ಮೇಲಕ್ಕೆ ಕಳಿಸಿದೆ! ಏಳೂ ಹತ್ತಕ್ಕೆ ಅತ್ತೆಯವರ ಮೊದಲ ತುತ್ತು ಬಾಯಿಗೆ ಹೋಯಿತು.

ಮಧ್ಯಾಹ್ನ ಮಾಳಿಗೆಯ ಮೇಲೆ ಸೂರ್ಯ ತನ್ನ ಕೆಲಸ ಮುಗಿಸಿದ್ದ. ಅನ್ನ ಮಲ್ಲಿಗೆಯ ಹಾಗೆ ಅರಳಿತ್ತು, ನಾಲ್ಕು ಜನಕ್ಕೆ ಸಾಕಾಗುವಷ್ಟು. ಅಬ್ಬಾ, ಎಂಥ ಶಕ್ತಿ! ಆದರೆ ಮನೆಯವರೆಲ್ಲ ಬೆಳಿಗ್ಗೆಯೇ ಉಂಡಿದ್ದರು, ಉಣ್ಣಲು ನಾನೊಬ್ಬನೇ.

ಅತ್ತೆಯವರು ಎದುರಿಗೆ ಬಂದು ಕುಳಿತು ಭಾಳ ಮರ್ಯಾದೆಯಿಂದ ಕೇಳಿದರು: “ಅಳಿಯಂದಿರಽ, ಆ ಜರ್ಮನಿ ಮಂದಿಗೆ ದ್ವಾದಶಿ ಇರೂದಿಲ್ಲೇನ್ರೀ?”

ಪುಣ್ಯಕ್ಕೆ ನನ್ನ ಬಾಯಿ ತುಂಬ ಅನ್ನವಿತ್ತು.