ಕಿವಿಗೆ ಇಟಲಿ ಸಿಕ್ಕಿಸಿಕೊಂಡ ನನ್ನ ತಮ್ಮ

ನನ್ನ ತಮ್ಮನಿಗೆ ಇಟಾಲಿಯನ್ ಭಾಷೆ ಚೆನ್ನಾಗಿ ತಿಳಿಯುತ್ತದೆ. ಇದನ್ನು ನಂಬದವರು ಇಟಲಿಯವರು ಮಾತ್ರ!

ಬಸವನ ಬಾಗೇವಾಡಿಯಿಂದ ಮುದ್ದೇಬಿಹಾಳಕ್ಕೆ ಹೋಗುವ ಬಸ್ಸಿನಲ್ಲಿ ಮೂವತ್ತು ವರ್ಷ ಟಿಕೀಟು ಹರಿದವನಿಗೆ ಈ ಹುಚ್ಚು ಹತ್ತಿದ್ದು ಹೇಗೆ? ವಚನ ಓದಲೆಂದು ಇಟಲಿಯ ಹುಡುಗಿಯೊಬ್ಬಳು ಬಾಗೇವಾಡಿಗೆ ಬಂದು ನಮ್ಮ ಮನೆಯಲ್ಲಿ ಎಂಟು ದಿನ ಇದ್ದಳು. ನಾನು ಸಂತೆಗೆ ಹೋದಾಗ ನಮ್ಮ ಮನೆಯ ಮೂಲೆಯ ಫೋನಿಗೆ ಅವಳ ತಾಯಿಯ ಕರೆ ಬಂತಂತೆ. ಫೋನಿಟ್ಟವಳೇ ತಮ್ಮನ ಕಡೆ ತಿರುಗಿ, ತನ್ನ ಭಾಷೆಯಲ್ಲಿ ಏನೇನೋ ಹೇಳುತ್ತ ಅತ್ತಳಂತೆ. ಈ ಮಹಾರಾಯ ಏನು ಮಾಡಿದ? ಎದ್ದು ಹಿತ್ತಲಿಗೆ ಹೋಗಿ ಎಮ್ಮೆಯ ಮೈ ತಿಕ್ಕಿದ! ಎಮ್ಮೆಗೇನು, ಸುಖವಾಗಿತ್ತು. ಹುಡುಗಿ ಮರುದಿನ ಗಂಟು ಕಟ್ಟಿದಳು.

ಎರಡು ವರ್ಷದ ಮೇಲೆ ಅವಳ ಪತ್ರ ಬಂತು. ಓಣಿಯ ಮಾಸ್ತರರು ಓದಿ ಹೇಳಿದರು: ದೀಪಾವಳಿಗೆ ತಾಯಿಯನ್ನೂ ಕರೆತರುತ್ತಾಳಂತೆ.

"ಅಕ್ಕಾ, ಈ ಸಲ ಅವರು ಏನರ ಹೇಳಿದ್ರ ಎದ್ದು ಹೋಗಂಗಿಲ್ಲ. ಪೂರಾ ಕೇಳಾಂವ ನಾ," ಎಂದ ತಮ್ಮ.

ಇಂಟರ್ನೆಟ್ ಅಂಗಡಿಯವನು ಕಲಿಯುವವರಿಗೆಂದೇ ಮಾಡಿದ ನಿಧಾನದ ಪಾಠವನ್ನು ಸೀಡಿಗೆ ಹಾಕಿಕೊಟ್ಟ. ಮರುದಿನವೇ ಅದು ವಾಪಸು!

"ಹಿಂಗ ತಡದು ತಡದು ಮಾತಾಡೋ ಪ್ಯಾಸೆಂಜರ್ ನನ್ನ ಸರ್ವೀಸಿನ್ಯಾಗ ಒಬ್ಬನೂ ಹತ್ತಿಲ್ಲ. ಅವರವರೊಳಗ ಮಾತಾಡೋದು ಕೊಡಪಾ!"

ಹಾಗೆ ನಮ್ಮ ಮನೆಗೆ ಪಾಡ್‌ಕಾಸ್ಟ್ ಬಂತು. ಇಟಲಿಯವರು ಇಟಲಿಯವರಿಗೆಂದೇ ಮಾಡಿಕೊಂಡ ಹರಟೆ. ಜೋಳದ ಹೊಲಕ್ಕಿಳಿದ ಹಕ್ಕಿಗಳ ಗದ್ದಲ! ತಮ್ಮ ಕಿವಿಗೆ ವಾಯರು ಸಿಕ್ಕಿಸಿಕೊಂಡು, ಶೇಂಗಾ ಸುಲಿಯುತ್ತ ಕೇಳತೊಡಗಿದ.

"ಏನರ ತಿಳೀತೇನೋ?"

"ಮಾತು ಯಾಕ ತಿಳೀಬೇಕು? ಬಸ್ಸಿನ ಗದ್ದಲದಾಗ ಯಾರ ಮಾತು ಕೇಳಸ್ತಿತ್ತು? ಕಣ್ಣು, ಮಾರಿ ನೋಡಿ ಟಿಕೀಟ ಹರೀತಿದ್ದೆ."

"ಆ ವಾಯರಿನ್ಯಾಗ ಮಾರಿ ಎಲ್ಲೈತೋ, ಹುಚ್ಚಪ್ಯಾಲಿ?"

ತಮ್ಮ ಇನ್ನೊಂದು ಸುಲಿದ. ಎರಡು ಶೇಂಗಾಕಾಳು ಬಾಯಿಗೆ ಹೋದವು.

ಕಾರಹುಣ್ಣಿಮೆಯ ದಿನ ಹೋಳಿಗೆ ಬಡಿಸಿದರೆ ತಾಟು ಸರಿಸಿದ. ಕಿವಿಯಲ್ಲಿ ವಾಯರು, ಕಣ್ಣು ಒದ್ದೆ!

"ಅಲ್ಲಿ ಯಾರೋ ಸತ್ತಾರಕ್ಕಾ. ಗಂಡಸರು ಬಿಕ್ಕಿ ಬಿಕ್ಕಿ ಅಳಾಕತ್ತಾರ. ನಾ ಹೋಳಿಗಿ ಹೆಂಗ ತಿನ್ನಲಿ?"

ಇಡೀ ದಿನ ಮಜ್ಜಿಗೆ ಕುಡಿದು ದುಃಖಪಟ್ಟ. ಸಂಜೆ ಅಂಗಡಿಯವನು ಕಂಪ್ಯೂಟರ್ ತೆಗೆದು ನೋಡಿದರೆ, ಆ ಕಾರ್ಯಕ್ರಮದ ಮೇಲೆ ಚೆಂಡಿನ ಚಿತ್ರ!

"ಯಾರೂ ಸತ್ತಿಲ್ರಿ ಕಾಕಾ. ಫುಟ್‌ಬಾಲ್ ಸೋತಾರ."

ಮನೆಗೆ ಬಂದು ಆರು ಹೋಳಿಗೆ ತಿಂದ.

ದೀಪಾವಳಿಗೆ ತಾಯಿ, ಮಗಳು ಬಂದರು. ಮಗಳು ಗುಡಿಗೆ ಹೋದಳು. ತಾಯಿ ಮೊಣಕಾಲು ನೋವೆಂದು ಮನೆಯಲ್ಲೇ ಉಳಿದಳು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ನಿಂತು ಬಡಬಡ ಏನೋ ಅಂದಳು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ತಮ್ಮ ಹಾರಿ ಎದ್ದ.

"ಅಕ್ಕಾ, ಲಗೂನ ಪಾಯಖಾನಿ ತೋರಸು!"

ತೋರಿಸಿದೆ. ಖರೇ! ಹೊರಗೆ ಬಂದವಳ ಮುಖ ಅರಳಿತ್ತು. ನನ್ನ ತಮ್ಮ ಪಂಡಿತನಾದನೇ?

"ಯಾವ ಮಾತು ತಿಳೀತೋ?"

"ಮಾತಲ್ಲಕ್ಕಾ, ಮಾರಿ. ಆ ಮಾರಿ ಕಂಡ್ರ ಸಾಕು, ಸೀಟಿ ಹೊಡದು ಬಸ್ ನಿಂದ್ರಸ್ತಿದ್ದೆ."

ಆಮೇಲೆ ಆಕೆ ಬಂದು ಅವನೆದುರು ಕುಳಿತಳು. ಮೂಲೆಯ ಫೋನನ್ನು ನೋಡಿದಳು. ಅದನ್ನು ಮುಟ್ಟಿ ಏನೋ ಹೇಳತೊಡಗಿದಳು. ಹೇಳುತ್ತ ಹೇಳುತ್ತ ಕಣ್ಣೀರು. ಹಿತ್ತಲಲ್ಲಿ ಎಮ್ಮೆ ಒದರಿತು. ತಮ್ಮ ಅರ್ಧ ಎದ್ದ. ನನ್ನ ಮುಖ ನೋಡಿದ. ಮತ್ತೆ ಕುಳಿತ. ಆಕೆ ನಿಲ್ಲಿಸಿದಲ್ಲೆಲ್ಲ "ಹೂಂ" ಎಂದ.

ನಾನು ಮೆಲ್ಲಗೆ ಕೇಳಿದೆ: "ಏನಂತಾಳೋ?"

"ಒಂದೂ ತಿಳೀವಲ್ದಕ್ಕಾ."

ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಆಕೆ ಅವನ ಮುಂದಿದ್ದ ರಾಶಿಯಿಂದ ಒಂದು ಶೇಂಗಾ ತೆಗೆದುಕೊಂಡು ಸುಲಿಯುತ್ತ ಮತ್ತೆ ಮಾತು ಶುರು ಮಾಡಿದಳು. ಅವನು "ಹೂಂ" ಎಂದ.

ಅಂದು ಎಮ್ಮೆಯ ಮೈ ತಿಕ್ಕಲು ನಾನೇ ಹೋದೆ.