ಗುಂಡಿನ ಮೇಜು ಮತ್ತು ಒಂದು ಲೋಟ ನೀರು

ಇದನ್ನು ಬರೆಯಬೇಕೆಂದು ಕುಳಿತಾಗಲೆಲ್ಲ ನನಗೆ ಬೇರೆ ಯಾವುದೋ ತುರ್ತು ಕೆಲಸ ನೆನಪಾಗುತ್ತದೆ. ಒಮ್ಮೆ ಎದ್ದು ಹೋಗಿ ಬಾಗಿಲಿನ ಕೀಲುಗಳಿಗೆ ಎಣ್ಣೆ ಬಿಟ್ಟೆ. ಇನ್ನೊಮ್ಮೆ ಯಾರೂ ಕೇಳದಿದ್ದರೂ ಪಕ್ಕದ ಮನೆಯವರ ಸೈಕಲ್ಲಿಗೆ ಗಾಳಿ ತುಂಬಿಕೊಟ್ಟೆ. ಒಳಗೊಂದು ತಪ್ಪನ್ನು ಇಟ್ಟುಕೊಂಡ ಮನುಷ್ಯ ಎಷ್ಟು ಉಪಕಾರಿಯಾಗಬಲ್ಲ ಎಂಬುದಕ್ಕೆ ನಮ್ಮ ಬೀದಿಯೇ ಸಾಕ್ಷಿ. ಗುಂಡ್ಲುಪೇಟೆಯಲ್ಲಿ ಸೈಕಲ್ ಅಂಗಡಿ ಇಟ್ಟು ಬದುಕಿದವನು ನಾನು. ಓದಿದ್ದು ಎಸ್ಸೆಸ್ಸೆಲ್ಸಿ. ಪಂಕ್ಚರ್ ಹಾಕಲು ಅದು ಹೆಚ್ಚಾಯಿತು, ತಪ್ಪೊಪ್ಪಿಕೊಳ್ಳಲು ಕಡಿಮೆಯಾಯಿತು.

ಎಲ್ಲ ಶುರುವಾದದ್ದು ರೂಪ ಮನೆಗೆ ಬಂದ ದಿನ. ಚಾಮರಾಜನಗರದಲ್ಲಿ ಬೀದಿಗೊಂದು ಕಂಪ್ಯೂಟರ್ ಸೆಂಟರ್ ತೆರೆಯುತ್ತಿದ್ದ ಕಾಲ ಅದು. ಅಂಥ ಒಂದು ಸೆಂಟರಿನಲ್ಲಿ ಕಲಿಯುತ್ತಿದ್ದ ಅವಳಿಗೆ ಹಳೆಯ ಪಿನ್‌ಬಾಲ್ ಮೇಜೊಂದನ್ನು ಕಂಪ್ಯೂಟರ್ ಆಟವನ್ನಾಗಿ ಮಾಡುವ ಆಸೆ. ಗುಂಡನ್ನು ಚಿಮ್ಮಿಸಿ, ಕೆಳಗಿನ ಸಂದಿಗೆ ಬೀಳದಂತೆ ಮತ್ತೆ ಮತ್ತೆ ಮೇಲಕ್ಕೆ ಒದೆದು ಅಂಕ ಗಳಿಸುವ, ನಾವು ಗುಂಡಿನ ಮೇಜು ಎನ್ನುತ್ತಿದ್ದ ಆಟಕ್ಕೆ ಪಿನ್‌ಬಾಲ್ ಎಂಬ ಹೆಸರಿದೆ ಎಂದು ನನಗೆ ಗೊತ್ತಾದದ್ದೇ ಆಗ. ಈ ಕಡೆಯ ಯಾವ ಮೇಜಿಗೆ ಕಂಪ್ಯೂಟರ್ ಸೇರುವ ಯೋಗ್ಯತೆ ಇದೆ ಎಂದು ಕೇಳಲು ಬಂದಿದ್ದಳು. ಹಳ್ಳಿಯಿಂದ ಹಲಸಿನ ಹಣ್ಣನ್ನೂ ತಂದಿದ್ದಳು. ಅವಳು ಯಾರ ಮಗಳೆಂದು ಹೇಳಿದ ಮೇಲೆ ಬಾಯಿಗೆ ಹಾಕಲಿದ್ದ ತೊಳೆಯನ್ನು ತಟ್ಟೆಗೇ ಹಾಕಿದೆ. ಅಂಗಡಿಯಲ್ಲಿ ನನಗೆ ಸಮಪಾಲಿನ ಜೊತೆಗಾರನೊಬ್ಬನಿದ್ದ. ಅವನ ಮಗಳು ಅವಳು. ಅವನ ಹೆಸರು ಹೇಳಲು ಈಗಲೇ ಕೈ ಏಳುತ್ತಿಲ್ಲ, ಆಮೇಲೆ ಹೇಳುತ್ತೇನೆ.

ನಾನು ಕೂಡಲೇ ಊಟಿ ರಸ್ತೆಯ ಹೋಟೆಲಿನಲ್ಲಿದ್ದ ಕರೆಂಟಿನ ಮೇಜನ್ನು ಹೊಗಳತೊಡಗಿದೆ. ಯಾವುದೋ ಬಂಗಲೆಯಿಂದ ಘಟ್ಟ ಇಳಿದು ಬಂದಿದ್ದ ಮೇಜು ಅದು. ಗಾಜಿನ ಮೇಲೆ ಸಿಂಹ ಪಳಗಿಸುವ ಹೆಂಗಸಿನ ಚಿತ್ರ. ಗುಂಡು ತಗುಲಿದಲ್ಲೆಲ್ಲ ದೀಪ, ಗಂಟೆ. ಗುಂಡಿನ ದಾರಿ ತಪ್ಪಿಸಲು ಯಾರಾದರೂ ಮೇಜನ್ನು ಅಲುಗಿಸಿದರೆ ದೀಪಗಳೆಲ್ಲ ಆರಿ, ಮುನಿಸಿಕೊಂಡ ಸೊಸೆಯಂತೆ ಸುಮ್ಮನಾಗುತ್ತಿತ್ತು. ಅದಾದ ಮೇಲೆ ಚಾಮರಾಜನಗರದ ವಿಡಿಯೋ ಅಂಗಡಿಯಲ್ಲಿದ್ದ ಮೇಜಿನ ಮಾತು ಎತ್ತಿಕೊಂಡೆ. ಅದರ ಎಡಗೈ, ಅಂದರೆ ಗುಂಡನ್ನು ಮೇಲಕ್ಕೆ ಒದೆಯುವ ಎಡಗಡೆಯ ಪಟ್ಟಿ, ಲಕ್ವ ಹೊಡೆದಂತೆ ಬಿದ್ದಿರುತ್ತಿತ್ತು. ಅದರಲ್ಲಿ ಗೆಲ್ಲುವುದೇ ನಿಜವಾದ ವಿದ್ಯೆ ಎಂದು ವಾದಿಸಿದೆ. ರೂಪ ತಾಳ್ಮೆಯಿಂದ ಕೇಳಿಸಿಕೊಂಡು, “ಅವೆಲ್ಲ ಎಲ್ಲೆಲ್ಲೂ ಅವೆ ಬುಡಿ ದೊಡ್ಡಪ್ಪ. ನಂಗೆ ನಿಮ್ಮ ಅಂಗಡಿ ಮೇಜೇ ಬೇಕು. ಅಪ್ಪ ದಿನಾ ಅದನ್ನೇ ಯೇಳ್ತರೆ,” ಎಂದಳು.

ಅವಳು ಹೇಳಿದ್ದು ಸುಳ್ಳಲ್ಲ. ಹೋಟೆಲಿನ ಮೇಜನ್ನು ನೋಡಿ ನಾನೂ ಅವಳ ಅಪ್ಪನೂ ಸೇರಿ ಮಾಡಿದ ಅಂಥ ಮೇಜು ಇನ್ನೆಲ್ಲೂ ಇರಲಾರದು. ಗುಂಡು ಸೈಕಲ್ ಬೇರಿಂಗಿನದು. ಅದನ್ನು ಚಿಮ್ಮಿಸುವುದು ಸೀಟಿನ ಸ್ಪ್ರಿಂಗು. ಮೊಳೆಗಳಿಗೆ ಸುತ್ತಿದ್ದು ಹಳೆ ಟ್ಯೂಬು, ಎರಡು ಪಟ್ಟಿಗಳನ್ನು ಎಳೆಯಲು ಎರಡು ಬ್ರೇಕು. ಅಲುಗಿಸುವವರನ್ನು ಹಿಡಿಯಲು ಮಾತ್ರ ನಮ್ಮಲ್ಲಿ ಕರೆಂಟಿನ ಉಪಾಯವಿರಲಿಲ್ಲ. ಅದಕ್ಕೆ ಮೇಜಿನ ತಲೆಯ ಮೇಲೆ ಕಂಠಮಟ್ಟ ನೀರು ತುಂಬಿದ ಹಿತ್ತಾಳೆ ಲೋಟ ಇಡುತ್ತಿದ್ದೆವು. ನೀರು ತುಳುಕಿದರೆ ಆಡುತ್ತಿದ್ದವನು ಔಟು. ಲಾರಿ ಡ್ರೈವರುಗಳು, ಕೇರಳದ ದಾರಿಯಲ್ಲಿರುವ ಮದ್ದೂರು ಚೆಕ್‌ಪೋಸ್ಟಿನ ಕಡೆಯಿಂದ ಬರುತ್ತಿದ್ದ ಮಲಯಾಳಿ ವ್ಯಾಪಾರಿಗಳು, ಎಲ್ಲರೂ ಆ ಲೋಟದ ತೀರ್ಪಿಗೆ ತಲೆಬಾಗುತ್ತಿದ್ದರು.

ಅಂಗಡಿಗೆ ಹೊಸ ಬೋರ್ಡು ಬರೆಸುವಾಗ ಯಾರ ಹೆಸರು ಮೊದಲು ಎಂಬ ಮಾತು ಬಂತು. ಮೇಜಿನ ಮೇಲೆ ತೀರ್ಮಾನವಾಗಲಿ ಎಂದೆವು. ನನ್ನ ಆಟ ಮುಗಿದಿತ್ತು. ಅವನು ನನ್ನನ್ನು ದಾಟುವುದರಲ್ಲಿದ್ದ. ಕೈ ಬ್ರೇಕುಗಳ ಮೇಲೆ, ಕಣ್ಣು ಗುಂಡಿನ ಮೇಲೆ. ಅವನ ಬಲಕ್ಕೆ ನಿಂತಿದ್ದ ನಾನು ಮೊಣಕಾಲಿನಿಂದ ಮೇಜಿನ ಕಾಲನ್ನು ಮೆಲ್ಲಗೆ ನೂಕಿದೆ. ನೀರು ಚೆಲ್ಲಿತು. “ಅಲುಗಿಸ್ಬುಟ್ಟೆ ಕಣ್ಲಾ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದವನು ನಾನೇ. ಸೇರಿದ್ದವರು ಗೊಳ್ಳೆಂದು ನಕ್ಕರು. “ಸೋಲು ಬಂದ್ರೆ ಕೈ ನಡುಗ್ತದೆ ಬುಡ್ಲಾ,” ಎಂದನೊಬ್ಬ. ನನ್ನ ಜೊತೆಗಾರ, ನೀರು ಬಿದ್ದು ನೆನೆದಿದ್ದ ನನ್ನ ಪಂಚೆಯನ್ನು ಒಂದು ಸಲ ನೋಡಿದ, ಸೊಂಟಕ್ಕೆ ಸಿಕ್ಕಿಸಿದ್ದ ಸ್ಪ್ಯಾನರ್ ತೆಗೆದು ಕೆಳಗಿಟ್ಟ, ಹೊರಟುಹೋದ. ಮತ್ತೆ ಅಂಗಡಿಗೆ ಬರಲಿಲ್ಲ. ಹೊಸ ಬೋರ್ಡಿನಲ್ಲಿ ನನ್ನ ಹೆಸರು ಮೊದಲೇನು, ಕೊನೆಯೂ ಅದೇ ಆಯಿತು.

ರೂಪ ಅಟ್ಟದಿಂದ ಮೇಜನ್ನು ಇಳಿಸಿಕೊಂಡು ಅಳತೆ ತೆಗೆದಳು. ಮೊಳೆ ಮೊಳೆಯ ಫೋಟೋ ಹಿಡಿದಳು. ನನ್ನ ಹೆಂಡತಿ ಲೋಟವನ್ನೂ ಹುಡುಕಿ, ಹುಣಸೆಹಣ್ಣು ಹಾಕಿ ಬೆಳಗಿ ಕೊಟ್ಟಳು. ಗಂಡನನ್ನು ಸಿಕ್ಕಿಸಿಹಾಕುವ ಕೆಲಸವನ್ನು ಹೆಂಡತಿಯರು ಎಷ್ಟು ಅಚ್ಚುಕಟ್ಟಾಗಿ ಮಾಡುತ್ತಾರೆ, ಅದೂ ತಿಳಿಯದೆಯೇ. ಹೊರಡುವ ಮುಂಚೆ ರೂಪ ಬಾಗಿಲಲ್ಲಿ ನಿಂತು, “ಪಕ್ಕದಲ್ಲಿ ನಿಂತಿರೋರು ನೂಕುದ್ರೆ ನೀರು ಯಾವ ಕಡೆಗೆ ಚೆಲ್ತದೆ ದೊಡ್ಡಪ್ಪ?” ಎಂದಳು.

“ಪಕ್ಕದಲ್ಲಿರೋರು ಯಾಕಮ್ಮಿ ನೂಕ್ತರೆ?”

“ಏನೋ ಗೊತ್ತಿಲ್ಲ. ಅಪ್ಪ ಕೇಳ್ಕೊಂಡು ಬಾ ಅಂದ್ರು.”

ಜ್ಞಾಪಕವಿಲ್ಲ ಎಂದುಬಿಟ್ಟೆ. ಅಂದಿನಿಂದ ನನಗೆ ಅನ್ನ ಸೇರದಾಯಿತು. ಮನೆಯಲ್ಲಿ ಯಾರಾದರೂ ನೀರು ತುಂಬಿದ ಲೋಟ ತಂದಿಟ್ಟರೆ ಎದ್ದು ಹಿತ್ತಿಲಿಗೆ ಹೋಗುತ್ತಿದ್ದೆ. ಹೆಂಡತಿ ಅದನ್ನು ಪಿತ್ತ ಎಂದು ತೀರ್ಮಾನಿಸಿ ಜೀರಿಗೆ ಕಷಾಯ ಕುಡಿಸಿದಳು. ಅದನ್ನೂ ಲೋಟದಲ್ಲೇ ಕೊಟ್ಟಳು.

ಆಟ ಸಿದ್ಧವಾಗಿದೆ, ಬಂದು ನೋಡಿ ಎಂದು ರೂಪ ಕರೆದಳು. ಭಾನುವಾರ ಅವಳ ಅಪ್ಪ ಬರುತ್ತಾನೆಂದು ತಿಳಿದು ನಾನು ಶನಿವಾರವೇ ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋದೆ. ಪರದೆಯ ಮೇಲೆ ನಮ್ಮ ಮೇಜೇ. ಟ್ಯೂಬಿನ ತೇಪೆಯನ್ನೂ ಬಿಟ್ಟಿರಲಿಲ್ಲ. ತಲೆಯ ಮೇಲೆ ಲೋಟ, ಅದರ ಮೇಲೆ ನಮ್ಮ ಅಂಗಡಿಯ ಬೋರ್ಡು, ಬೋರ್ಡಿನಲ್ಲಿ ನನ್ನ ಹೆಸರೊಂದೇ. ಯಾವ ಮೇಜು ಕಂಪ್ಯೂಟರ್ ಸೇರಬೇಕೆಂದು ಈಗ ಯಾರಾದರೂ ಕೇಳಿದರೆ ನನ್ನ ಉತ್ತರ ಬೇರೆ: ಮಾಡಿದವರು ಇಬ್ಬರೂ ಎದುರುಬದುರು ಕೂತು ಆಡಬಲ್ಲಂಥ ಮೇಜು ಮಾತ್ರ ಸೇರಲಿ. ಆದರೆ ಅಂದು ಅದು ಹೊಳೆಯಲಿಲ್ಲ. ಆಡಲು ಕುಳಿತೆ. ಗುಂಡು ಎರಡು ಪಟ್ಟಿಗಳ ನಡುವಿನ ಸಂದಿಗೆ ನೇರವಾಗಿ ಇಳಿಯತೊಡಗಿದಾಗ ಎಂಥದ್ದೋ ಗಾಬರಿಯಾಗಿ, ನನಗೆ ಅರಿವಾಗುವ ಮುಂಚೆಯೇ ನನ್ನ ಮೊಣಕಾಲು ಕಂಪ್ಯೂಟರಿನ ಮೇಜನ್ನು ನೂಕಿತ್ತು. ಪರದೆಯೊಳಗಿನ ಲೋಟ ಅಲುಗಲಿಲ್ಲ. ಪಕ್ಕದಲ್ಲಿ ಯಾರೋ ತಂದಿಟ್ಟಿದ್ದ ಟೀ ಅಷ್ಟೂ ನನ್ನ ಪಂಚೆಯ ಮೇಲೆ ಚೆಲ್ಲಿತು.

ರೂಪ ಬಟ್ಟೆ ತಂದು ಒರೆಸುತ್ತ ನಕ್ಕಳು. “ಅಪ್ಪ ಯೇಳಿದ್ದೇ ಸರಿ ನೋಡಿ. ಯಾವ ಕಡೆಯಿಂದ ನೂಕುದ್ರೂ ನೂಕ್ದೋರ ಮೇಲೇ ಚೆಲ್ತದೆ.”

ಬೋರ್ಡಿನಲ್ಲಿ ಇನ್ನೊಂದು ಹೆಸರು ಸೇರಿಸಮ್ಮಿ ಎನ್ನಬೇಕೆಂದು ಬಾಯಿ ತೆರೆದೆ. ಗುಂಡ್ಲುಪೇಟೆಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದೆ. ಕೊನೆಯ ಬಸ್ಸಿಗೆ ಇನ್ನೂ ಎಷ್ಟೋ ಹೊತ್ತಿತ್ತು. ಸಿಕ್ಕಿದ ಬಸ್ಸಿನಲ್ಲೇ ಟೀ ವಾಸನೆಯ ಪಂಚೆಯನ್ನು ಮುದುರಿಕೊಂಡು ಕುಳಿತು ಬಂದೆ. ಪಕ್ಕದವನು ಏನಾಯಿತಜ್ಜ ಎಂದಿದ್ದಕ್ಕೆ, ಯಾರೋ ನೂಕಿಬಿಟ್ಟರಪ್ಪ ಎಂದೆ. ಈ ವಯಸ್ಸಿನಲ್ಲೂ.

ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಅಂಗಡಿಯ ಬೋರ್ಡಿನಲ್ಲಿ ಮೊದಲು ಇರಬೇಕಾಗಿದ್ದ ಹೆಸರು ಹರದನಹಳ್ಳಿಯ ನಂಜುಂಡ.