ಖಾಯಂ ಆಯ್ತು

"ಇವತ್ತು ಕೇಳದೆ ಮನೆಗೆ ಬರಬೇಡಿ," ಎಂದು ಹೆಂಡತಿ ಬಾಗಿಲಲ್ಲೇ ಹೇಳಿ ಕಳಿಸಿದ್ದಳು. ನಿಘಂಟು ಕಚೇರಿಗೆ ಸೇರಿದ ದಿನದಿಂದ ಅವನು ತಾತ್ಕಾಲಿಕ ನೌಕರ. ಅಲ್ಲಿ ಅವನ ಹೆಸರೇ 'ಟೆಂಪರರಿ' ಎಂದಾಗಿತ್ತು. ಈ ತಿಂಗಳು ಖಾಯಂ ಆಗದಿದ್ದರೆ ಮುಂದಿನ ತಿಂಗಳು ಕೆಲಸವೇ ಇಲ್ಲವೆಂಬ ಗಾಳಿಮಾತು ಬೇರೆ.

ಹಲ್ಲು ಕಚ್ಚಿಕೊಂಡು ಸಂಪಾದಕರ ಕೋಣೆಗೆ ನುಗ್ಗಿದ. "ಸರ್, ನನ್ನ ಕೆಲಸದ ವಿಷಯ..."

"ಬನ್ನಿ, ಬನ್ನಿ. ನಿಮ್ಮ ಮಾವನವರ ಮಂಡಿನೋವು ಹೇಗಿದೆ?"

ಮಾತು ಮಂಡಿಯಿಂದ ಮಳೆಗೆ, ಮಳೆಯಿಂದ ಮುದ್ರಣದೋಷಕ್ಕೆ ಹಾರಿತು. ಹೊರಬಂದಾಗ ಅವನ ಕೈಯಲ್ಲೊಂದು ಚೀಟಿ: 'ಡಿಫ್ಲೆಕ್ಷನ್'. ಸಂಜೆಯೊಳಗೆ ಇದಕ್ಕೆ ಕನ್ನಡದಲ್ಲಿ ಒಂದೇ ಒಂದು ಪದ ಬೇಕಂತೆ.

ಒಂದೇ ಪದವನ್ನು ಎಲ್ಲಿಂದ ತರುವುದು? ಮೀಟರಿನ ಮುಳ್ಳು ವಾಲುತ್ತದೆ, ತೊಲೆ ಬಾಗುತ್ತದೆ, ಚೆಂಡು ಬ್ಯಾಟಿನ ಅಂಚು ಸವರಿ ದಿಕ್ಕು ತಪ್ಪುತ್ತದೆ. ಟೈಪಿಸ್ಟ್ ಅಕ್ಕ ಚೀಟಿಯನ್ನು ಇಣುಕಿ ನೋಡಿದಳು. "ಇದರ ಅರ್ಥ ಪುಸ್ತಕದಲ್ಲಿ ಹುಡುಕ್ತಿದೀಯೇನೋ? ಈಗ ತಾನೇ ಸಾಹೇಬರ ಹತ್ರ ಅನುಭವಿಸಿ ಬಂದ್ಯಲ್ಲ."

ಅವನಿಗೆ ರೋಷ ಉಕ್ಕಿತು. ಧಡಕ್ಕನೆ ಎದ್ದ. ಹಳೆಯ ಸಂಪುಟಗಳ ಭಾರಕ್ಕೆ ಬಸುರಿ ಎಮ್ಮೆಯ ಹೊಟ್ಟೆಯಂತೆ ಜೋತುಬಿದ್ದಿದ್ದ ಹಲಗೆಗೆ ತಲೆ ಬಡಿಯಿತು. ಸದ್ದಿಗೆ ಓಡಿಬಂದ ಸಂಪಾದಕರು ಹಲಗೆಯನ್ನು ಸವರಿ ನೋಡಿ, ಬಡಗಿಗೆ ಹೇಳಿಕಳಿಸಿದರು. ತಲೆಯನ್ನು ಯಾರೂ ವಿಚಾರಿಸಲಿಲ್ಲ.

ಅವನು ನಲ್ಲಿಯ ಕೆಳಗೆ ತಲೆಯ ಬುಗುಟು ತಣಿಸಿಕೊಳ್ಳುತ್ತ, ಕೇಳಬೇಕಾದ ಮಾತನ್ನು ಮಸೆದು ಮಸೆದು ಚೂಪು ಮಾಡಿದ. ಆಮೇಲೆ ಹೋಗಿ ಸಂಪಾದಕರ ಬಾಗಿಲಿಗೆ ಅಡ್ಡ ನಿಂತ, ಅಗುಳಿಯ ಹಾಗೆ.

"ಸರ್, ಮಂಡಿ ಬೇಡ, ಮಳೆ ಬೇಡ. ಖಾಯಂ ಆಯ್ತೋ, ಇಲ್ವೋ?"

ಸಂಪಾದಕರು ತಲೆ ಎತ್ತದೆ ನಿಟ್ಟುಸಿರಿಟ್ಟರು. "ಆಯ್ತಪ್ಪ, ಖಾಯಂ ಆಯ್ತು. ಇನ್ನು ಯಾರೂ ಏನೂ ಮಾಡೋ ಹಾಗಿಲ್ಲ."

ಅವನು ಬೀದಿಗೆ ಓಡಿ ಸಿಹಿ ತಂದ. ಟೈಪಿಸ್ಟ್ ಅಕ್ಕ ಎರಡು ತಿಂದಳು. ಹಲಗೆ ನೋಡಲು ಬಂದಿದ್ದ ಬಡಗಿ ಒಂದನ್ನು ಬಾಯಿಗೆ ಹಾಕಿಕೊಂಡು ಬೆರಗಾದ.

"ನಿಮ್ಮಲ್ಲಿ ಹಲಗೆ ಕೆಟ್ಟರೂ ಸಿಹಿ ಹಂಚ್ತೀರಾ ಸ್ವಾಮಿ? ಪುಸ್ತಕ ಎಲ್ಲ ಇಳಿಸಿ ನೋಡ್ದೆ, ನಾಯಿಬಾಲದ ಹಾಗೆ ನೆಟ್ಟಗಾಗಲೇ ಇಲ್ಲ. ಡೊಂಕು ಖಾಯಂ ಆಗಿಬಿಟ್ಟಿದೆ ಅಂತ ಆಗಲೇ ಸಾಹೇಬರಿಗೆ ಹೇಳಿಬಂದೆ."

ಅವನು ಉಳಿದ ಸಿಹಿಯ ಪೊಟ್ಟಣ ಮುಚ್ಚಿಟ್ಟ. ಸಂಜೆ ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ 'ಮಂಡಿನೋವು' ಎಂದು ಬರೆದು, ಸಂಪಾದಕರ ಮೇಜಿನ ಮೇಲಿಟ್ಟು ಹೊರಟ.

ಹೆಂಡತಿ ಹೊಸ್ತಿಲಲ್ಲೇ ಕಾದಿದ್ದಳು. "ಕೇಳಿದ್ರಾ? ಏನಂದ್ರು?"

ಅವನು ಚಪ್ಪಲಿ ಬಿಡುತ್ತ ಹೇಳಿದ: "ಅದಿರಲಿ, ನಿಮ್ಮಪ್ಪನ ಮಂಡಿನೋವು ಹೇಗಿದೆ?"

ಅವಳ ಮುಖ ಅರಳಿತು. "ಅಂತೂ ಕೇಳಿದ್ರಲ್ಲ. ನಿಮಗೆ ಹೇಗೆ ಹೇಳೋದು ಅಂತ ಬೆಳಗ್ಗೆಯಿಂದ ಒದ್ದಾಡ್ತಿದ್ದೆ. ಅವರ ಮನೆ ಮೆಟ್ಟಿಲು ಹತ್ತೋಕಾಗಲ್ವಂತೆ ಪಾಪ, ಇಲ್ಲಿಗೇ ಬಂದಿದಾರೆ."

ಒಳಗೆ ಅವನ ಕುರ್ಚಿಯಲ್ಲಿ ಮಾವ ಕಾಲು ಚಾಚಿ ಕೂತಿದ್ದರು.

"ಎಷ್ಟು ದಿನಕ್ಕೆ?" ಎಂದು ಮೆಲ್ಲಗೆ ಕೇಳಿದ.

"ದಿನ ಏನು ಬಂತು," ಎಂದಳು. "ಖಾಯಂ."